ಸ್ಟಾರ್‌ಬೋರ್ಡ್‌ಗೆ ಹಿಂದಿಯಲ್ಲಿ ಏನು? ಕಡಲ ಪದಕ್ಕೆ ಯಾವ ನಿಘಂಟನ್ನು ಎಷ್ಟು ನಂಬಬಹುದು

ಮರ್ಚೆಂಟ್ ನೇವಿಯ ರೇಟಿಂಗ್ (ಅಧಿಕಾರಿಯಲ್ಲದ ನಾವಿಕ) ತರಬೇತಿಗೆ ಹೊರಟ ಹುಡುಗರು, ಬಂದರು ಕಚೇರಿಗೆ ಮೂರು ಭಾಷೆಯಲ್ಲಿ ಫಲಕ ಬರೆಸುವವರು, ಹಡಗು ಅಪಘಾತದ ಸುದ್ದಿಯನ್ನು ಅರ್ಧ ಗಂಟೆಯಲ್ಲಿ ಅನುವಾದಿಸಿ ಕೊಡಬೇಕಾದ ಪತ್ರಿಕೆಯವರು, ಇವರೆಲ್ಲ ಒಂದಲ್ಲ ಒಂದು ದಿನ ‘ಸ್ಟಾರ್‌ಬೋರ್ಡ್’ ಎಂದು ಟೈಪಿಸಿ ಹಿಂದಿ ಅರ್ಥ ಹುಡುಕುತ್ತಾರೆ. ಬರುವ ಉತ್ತರ ಸಾಮಾನ್ಯವಾಗಿ ಒಂದೇ ಸಾಲು: ‘ಜಹಾಜ್ ಕಾ ದಾಯಾಂ ಭಾಗ್’, ಹಡಗಿನ ಬಲಭಾಗ. ಉತ್ತರ ತಪ್ಪಲ್ಲ. ಆದರೆ ಇಷ್ಟನ್ನೇ ನಂಬಿ ಫಲಕ ಬರೆಸಿದರೆ, ವರದಿ ಬರೆದರೆ, ಪರೀಕ್ಷೆಗೆ ಕೂತರೆ ಎಡವುವ ಜಾಗಗಳು ಮೂರು ಇವೆ. ಈ ವಿಮರ್ಶೆಯಲ್ಲಿ ಪ್ರತಿ ನಿಘಂಟನ್ನೂ ಆ ಮೂರರಿಂದಲೇ ಅಳೆಯಲಾಗಿದೆ.

ಮೊದಲನೆಯದು, ಯಾರ ಬಲ ಎಂಬುದು. ಹಡಗಿನ ಹಿಂತುದಿಯ ಕಡೆ ಮುಖ ಮಾಡಿ ಹಗ್ಗ ಎಳೆಯುತ್ತಿರುವ ಕಲಾಸಿಯ ಬಲಗೈ ಇರುವ ಕಡೆ ಸ್ಟಾರ್‌ಬೋರ್ಡ್ ಅಲ್ಲ. ಹಡಗಿನೊಳಗೆ ನಿಂತು ಮುಂತುದಿಯತ್ತ ನೋಡಿದಾಗ ಬಲಕ್ಕೆ ಬರುವ ಮಗ್ಗುಲು ಮಾತ್ರ ಸ್ಟಾರ್‌ಬೋರ್ಡ್. ನಿಂತವನು ತಿರುಗಿದರೂ, ಹಡಗು ಹಿಂದಕ್ಕೆ ಸರಿದರೂ ಅದು ಬದಲಾಗುವುದಿಲ್ಲ. ಬರೀ ಎಡ ಬಲ ಎನ್ನದೆ ಬೇರೆ ಹೆಸರು ಬೇಕಾದದ್ದೇ ಇದಕ್ಕಾಗಿ. ಎರಡನೆಯದು ಬಳಕೆ. ಮಗ್ಗುಲಿನ ಹೆಸರಾಗಿ ಒಂದು, ಚುಕ್ಕಾಣಿಯ ಆದೇಶವಾಗಿ ಇನ್ನೊಂದು, ತೇಲುಗುರುತಿನ (ಹಡಗಿಗೆ ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ‘ಬಾಯ್’) ಹೆಸರಿನ ಭಾಗವಾಗಿ ಮತ್ತೊಂದು. ಮೂರನೆಯದು ಕಾಲ. 1933ಕ್ಕಿಂತ ಹಿಂದಿನ ಬ್ರಿಟಿಷ್ ಪುಸ್ತಕದಲ್ಲಿ ಇದೇ ಪದ ಆದೇಶವಾಗಿ ಬಂದರೆ ಅದರ ಫಲ ಇಂದಿನದಕ್ಕೆ ನೇರ ವಿರುದ್ಧ. ಅದಕ್ಕೆ ಮುಂದೆ ಬರೋಣ.

‘ಹಿಂದಿಯಲ್ಲಿ ಅರ್ಥ’ ಪುಟಗಳು ಮತ್ತು ಫೋನಿನ ಅನುವಾದ ಆ್ಯಪ್‌ಗಳು

ಹೆಸರು ಬೇರೆ ಬೇರೆಯಾದರೂ ಹೂರಣ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇವನ್ನು ಒಟ್ಟಿಗೆ ನೋಡಬಹುದು. ಪುಕ್ಕಟೆ, ಕ್ಷಣಾರ್ಧದಲ್ಲಿ ಉತ್ತರ, ಉಚ್ಚಾರಣೆ ಕೇಳಿಸುವ ಗುಂಡಿ. ಆ ಗುಂಡಿಯೊಂದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನಾವಿಕರು ಬರೆದಂತೆ ‘ಬೋರ್ಡ್’ ಎಂದು ಎಳೆಯುವುದಿಲ್ಲ, ‘ಸ್ಟಾರ್‌ಬರ್ಡ್’ ಎಂಬಂತೆ ಮೊಟಕಾಗಿಸಿ ಹೇಳುತ್ತಾರೆ. ರೇಡಿಯೋದಲ್ಲಿ ಮೊದಲ ಸಲ ಕೇಳಿದವರಿಗೆ ಅದೇ ಪದವೆಂದು ಹೊಳೆಯುವುದು ಕಷ್ಟ.

ದೋಷ ಎದ್ದು ಕಾಣುವುದು ಜೋಡಿ ಪದದಲ್ಲಿ. ಸ್ಟಾರ್‌ಬೋರ್ಡ್ ಅಪರೂಪದ ಪದ, ಅದಕ್ಕೆ ಬೇರೆ ಅರ್ಥವಿಲ್ಲ, ಹಾಗಾಗಿ ಯಂತ್ರ ಬಚಾವಾಗುತ್ತದೆ. ಎಡ ಮಗ್ಗುಲಿನ ಹೆಸರಾದ ‘ಪೋರ್ಟ್’ ಹಾಗಲ್ಲ. ಬಂದರು, ಕಂಪ್ಯೂಟರಿನ ತೂತು, ಒಂದು ಬಗೆಯ ದ್ರಾಕ್ಷಾರಸ, ಎಲ್ಲವೂ ಪೋರ್ಟೇ. ಅನುವಾದ ಯಂತ್ರ ತಾನು ಕಲಿತ ಪಠ್ಯದಲ್ಲಿ ಹೆಚ್ಚು ಸಲ ಕಂಡ ಅರ್ಥಕ್ಕೆ ವಾಲುತ್ತದೆ. ಬಿಡಿ ಪದ ಕೊಟ್ಟರೆ ‘ಬಂದರ್‌ಗಾಹ್’ ಬರುವುದೇ ಹೆಚ್ಚು. ‘ಪೋರ್ಟ್ ಸೈಡಿನಲ್ಲಿ ಬೆಂಕಿ’ ಎಂಬುದು ‘ಬಂದರಿನ ಕಡೆ ಬೆಂಕಿ’ ಆಗುವುದು ಹೀಗೆ. ಹಡಗು ನಡುಗಡಲಲ್ಲಿದ್ದರೂ ಬೆಂಕಿ ಮಾತ್ರ ಬಂದರಿನ ಕಡೆ!

ಇವುಗಳಿಂದ ಕೆಲಸ ತೆಗೆಯುವ ಕ್ರಮ ಒಂದಿದೆ. ಬಿಡಿ ಪದ ಕೊಡಬೇಡಿ, ಸಂದರ್ಭವಿರುವ ಪೂರ್ತಿ ವಾಕ್ಯ ಕೊಡಿ: ‘ಹಡಗಿನ ಪೋರ್ಟ್ ಮಗ್ಗುಲಿನ ದೀಪ ಕೆಂಪು, ಸ್ಟಾರ್‌ಬೋರ್ಡ್ ಮಗ್ಗುಲಿನದು ಹಸಿರು’ ಎಂಬರ್ಥದ ಇಂಗ್ಲಿಷ್ ವಾಕ್ಯ ಒಳ್ಳೆಯ ಪರೀಕ್ಷೆ. ಬಂದ ಹಿಂದಿಯನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡಿ. ವಾಪಸ್ಸು ಬರುವಾಗ ಬಂದರು ಕಾಣಿಸಿದರೆ ಆ ಅನುವಾದ ಕೈಬಿಡಿ. ಆಮೇಲೆ ಇನ್ನೂ ಕಠಿಣವಾದ ನಾಲ್ಕು ಪದ ಕೊಡಿ. ‘ಶೀಟ್’ ಎಂದರೆ ಹಾಯಿದೋಣಿಯಲ್ಲಿ ಬಟ್ಟೆಯಲ್ಲ, ಹಾಯಿಯ ತುದಿಯನ್ನು ಹಿಡಿತದಲ್ಲಿಡುವ ಹಗ್ಗ. ‘ಪೇಂಟರ್’ ಎಂದರೆ ಸಣ್ಣ ದೋಣಿಯ ಮುಂತುದಿಗೆ ಕಟ್ಟಿದ ಹಗ್ಗ. ‘ಲೈಟರ್’ ಎಂದರೆ ದೊಡ್ಡ ಹಡಗಿನಿಂದ ಸರಕು ಇಳಿಸಿಕೊಳ್ಳುವ ಚಪ್ಪಟೆ ತಳದ ದೋಣಿ. ‘ಡ್ರಾಫ್ಟ್’ ಎಂದರೆ ನೀರಿನ ಮಟ್ಟದಿಂದ ಹಡಗಿನ ತಳದವರೆಗಿನ ಆಳ. ಈ ನಾಲ್ಕರಲ್ಲಿ ಎರಡನ್ನಾದರೂ ಸರಿಯಾಗಿ ಹೇಳದ ಆ್ಯಪ್‌ನ ಉಳಿದ ಕಡಲ ಪದಗಳನ್ನೂ ನಂಬಬೇಕಿಲ್ಲ.

ಮೂರು ಅಳತೆಗಳಲ್ಲಿ ಈ ಗುಂಪು ಒಂದನ್ನೂ ಪೂರ್ತಿ ದಾಟುವುದಿಲ್ಲ. ತುರ್ತಿಗೆ, ಅಂದಾಜಿಗೆ ಸರಿ. ಅಚ್ಚಿಗೆ ಹೋಗುವ ಬರಹಕ್ಕೆ ಬೇಡ.

‘ಶಬ್ದ್’: ಪರಿಭಾಷಾ ಆಯೋಗದ ಪೋರ್ಟಲ್

ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗವನ್ನು ಕೇಂದ್ರ ಸರಕಾರ ಕಟ್ಟಿದ್ದು 1961ರ ಅಕ್ಟೋಬರ್‌ನಲ್ಲಿ. ಅದು ದಶಕಗಳಿಂದ ಮುದ್ರಿಸುತ್ತ ಬಂದ ಪರಿಭಾಷಾ ಕೋಶಗಳನ್ನು ಈಗ ‘ಶಬ್ದ್’ ಎಂಬ ಒಂದೇ ತಾಣದಲ್ಲಿ ಹುಡುಕಬಹುದು. ಶುಲ್ಕವಿಲ್ಲ. ಹಿಂದಿಯಲ್ಲಿ ಯಾವುದು ಅಧಿಕೃತ ಸಮಾನಪದ ಎಂದು ತೋರಿಸಬೇಕಾದಲ್ಲಿ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಇಲ್ಲ. ಕಚೇರಿ ಫಲಕ, ದ್ವಿಭಾಷಾ ನಮೂನೆ, ಟೆಂಡರ್ ದಾಖಲೆ ಮಾಡುವವರು ಇಲ್ಲಿಂದಲೇ ಶುರುಮಾಡಬೇಕು.

ಹುಡುಕುವಾಗ ವಿಷಯ ಆರಿಸುವುದನ್ನು ಮರೆಯಬಾರದು. ಭೂಗೋಳದವರ ಪೋರ್ಟ್ ‘ಪತ್ತನ್’. ಕೇಂದ್ರ ಸಚಿವಾಲಯದ ಹಿಂದಿ ಹೆಸರು ಕೂಡ ‘ಪತ್ತನ್, ಪೋತ್ ಪರಿವಹನ್ ಔರ್ ಜಲಮಾರ್ಗ್ ಮಂತ್ರಾಲಯ್’ ಎಂದೇ. ಕಂಪ್ಯೂಟರಿನವರ ಪೋರ್ಟ್ ಬೇರೆ. ವಿಷಯ ಆರಿಸದೆ ಮೊದಲು ಕಂಡದ್ದನ್ನು ಎತ್ತಿಕೊಂಡರೆ ಹಡಗಿನ ಎಡ ಮಗ್ಗುಲಿಗೆ ಪತ್ತನ್ ಅಂಟಿಕೊಳ್ಳುತ್ತದೆ. ಯಂತ್ರ ಮಾಡಿದ ತಪ್ಪನ್ನೇ ಈ ಬಾರಿ ಸಂಸ್ಕೃತದಲ್ಲಿ ಮಾಡಿದಂತಾಯಿತು.

ಈ ಕೋಶಗಳ ಮಿತಿ ಅವುಗಳ ಸ್ವರೂಪದಲ್ಲೇ ಇದೆ. ಬಹುಪಾಲು ಇವು ಸಮಾನಪದಗಳ ಪಟ್ಟಿ. ಪದದ ಎದುರು ಪದ ಸಿಗುತ್ತದೆ, ವಿವರಣೆ ಸಿಗುವುದು ಕಡಿಮೆ. ‘ದಾಯಾಂ ಪಾರ್ಶ್ವ’ ಎಂಬ ಉತ್ತರದಲ್ಲಿ ಯಾವ ಕಡೆ ಮುಖ ಮಾಡಿದಾಗ ಎಂಬುದು ಇರುವುದಿಲ್ಲ. ಕೋಶ ಮಾಡಿದವರಿಗೆ ಅದು ಗೊತ್ತಿತ್ತು, ಓದುವವನಿಗೆ ಗೊತ್ತಿರಬೇಕಿಲ್ಲ. ಇನ್ನೊಂದು ಎಚ್ಚರಿಕೆ ಸಂಸ್ಕೃತ ಮೂಲದ ಪದ ಕಟ್ಟುವವರಿಗೆ. ಬಲ ಎನ್ನಲು ‘ದಕ್ಷಿಣ’ ಎಂಬುದನ್ನು ಹಡಗಿನ ಸಂದರ್ಭದಲ್ಲಿ ಎಂದೂ ಬಳಸಬಾರದು. ಹಿಂದಿ ಕನ್ನಡ ಎರಡರಲ್ಲೂ ಅದನ್ನು ದಿಕ್ಕು ಎಂದೇ ಜನ ಓದುತ್ತಾರೆ. ಉತ್ತರಾಭಿಮುಖವಾಗಿ ಸಾಗುವ ಹಡಗಿನ ‘ದಕ್ಷಿಣ ಪಾರ್ಶ್ವ’ ಪೂರ್ವಕ್ಕಿರುತ್ತದೆ. ದಿಕ್ಸೂಚಿಯ ಮೇಲೆ ಬದುಕುವ ವೃತ್ತಿಯಲ್ಲಿ ಇಂಥ ಪದ ಸಲ್ಲದು.

ಅಧಿಕೃತತೆಗೆ ಪೂರ್ತಿ ಅಂಕ. ಬಳಕೆ ಕಲಿಸುವುದರಲ್ಲಿ ಸೊನ್ನೆಗಿಂತ ಸ್ವಲ್ಪ ಮೇಲೆ.

ರೋಬಕ್‌ನ ನೌಕಾ ನಿಘಂಟು, 1811

ಕಡಲ ಹಿಂದಿ ಎಂಬುದು ನಿಜವಾಗಿಯೂ ಹೇಗಿತ್ತು ಎಂದು ತಿಳಿಯಬೇಕಾದವರಿಗೆ ಇದರಷ್ಟು ರಸವತ್ತಾದ ಪುಸ್ತಕ ಇನ್ನೊಂದಿಲ್ಲ. ಥಾಮಸ್ ರೋಬಕ್ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿದ್ದ ಸೇನಾಧಿಕಾರಿ. ಯುರೋಪಿಯನ್ ಅಧಿಕಾರಿಗಳು ಲಸ್ಕರರಿಗೆ, ಅಂದರೆ ಏಷ್ಯದ ನಾವಿಕರಿಗೆ, ಆಜ್ಞೆ ಕೊಡಲು ಅನುಕೂಲವಾಗಲೆಂದು ಇಂಗ್ಲಿಷ್–ಹಿಂದೂಸ್ತಾನಿ ನೌಕಾ ನಿಘಂಟನ್ನು 1811ರಲ್ಲಿ ಕಲ್ಕತ್ತೆಯಿಂದ ಹೊರತಂದ. ಅದನ್ನು ಪರಿಷ್ಕರಿಸಿ ಜಾರ್ಜ್ ಸ್ಮಾಲ್ 1882ರಲ್ಲಿ ಲಂಡನ್ನಿನಿಂದ ‘ಲಸ್ಕರಿ ನಿಘಂಟು’ ಎಂದು ಪ್ರಕಟಿಸಿದ. ಹಕ್ಕುಸ್ವಾಮ್ಯ ತೀರಿದ ಪುಸ್ತಕಗಳು, ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಪ್ರತಿ ಪುಕ್ಕಟೆ.

ಲಸ್ಕರಿ ಮಾತಿನಲ್ಲಿ ಸ್ಟಾರ್‌ಬೋರ್ಡ್ ‘ಜಮ್ನಾ’, ಪೋರ್ಟ್ ‘ಡಾವಾ’. ಮುಂಗಡೆ ‘ಆಗಿಲ್’, ಹಿಂಗಡೆ ‘ಪೀಛಿಲ್’. ಇಂದಿನ ಹಿಂದಿ ನಿಘಂಟಿನ ದಾಯಾಂ, ಬಾಯಾಂ ಎಲ್ಲಿ ಹೋದವು? ಗುಜರಾತಿಯಲ್ಲಿ ಬಲಕ್ಕೆ ‘ಜಮಣುಂ’, ಮರಾಠಿಯಲ್ಲಿ ಎಡಕ್ಕೆ ‘ಡಾವಾ’. ಮಂಗಳೂರು, ಕುಮಟಾ ಕಡೆಯ ಕೊಂಕಣಿಯವರಿಗಂತೂ ಎಡಕ್ಕೆ ‘ದಾವೊ’ ಮನೆಮಾತೇ. ಹಡಗು ನಡೆಸಿದವರು ಕಚ್ಛ್, ಕೊಂಕಣದ ಕಡೆಯವರಾಗಿದ್ದಾಗ ಗಂಗಾ ಬಯಲಿನ ಪದ ಡೆಕ್ಕಿನ ಮೇಲೆ ಬರುವುದಾದರೂ ಹೇಗೆ. ಪೋರ್ಚುಗೀಸರ ‘ಗಾವಿಯಾ’ ಇಲ್ಲಿ ‘ಗಾವಿ’ ಎಂಬ ಮೇಲ್‌ಹಾಯಿ ಆಗಿದೆ. ಅರಬ್ಬಿಯ ‘ಸುಕ್ಕಾನ್’ ಹಿಡಿಯುವವ ‘ಸುಕ್ಕಾನಿ’. ನಮ್ಮ ‘ಚುಕ್ಕಾಣಿ’ ಬಂದದ್ದೂ ಅದೇ ಮೂಲದಿಂದ.

ಇಷ್ಟು ಹೊಗಳಿದ ಮೇಲೆ ಈ ಪುಸ್ತಕದಲ್ಲಿರುವ ಗಂಡಾಂತರವನ್ನೂ ಬಿಡಿಸಿ ಹೇಳಬೇಕು, ಏಕೆಂದರೆ ಸ್ಕ್ಯಾನ್ ಪ್ರತಿಯ ಯಾವ ಪುಟದಲ್ಲೂ ಎಚ್ಚರಿಕೆ ಸಿಗುವುದಿಲ್ಲ. ಚುಕ್ಕಾಣಿಯ ಹಲಗೆಯನ್ನು ತಿರುಗಿಸಲು ಅದರ ತಲೆಗೆ ಮುಂದಕ್ಕೆ ಚಾಚಿದ ಒಂದು ಹಿಡಿಕೋಲು ಇರುತ್ತದೆ, ಟಿಲ್ಲರ್. ಕೋಲನ್ನು ಬಲಕ್ಕೆ ತಳ್ಳಿದರೆ ನೀರಿನೊಳಗಿನ ಹಲಗೆ ಎಡಕ್ಕೆ ಹೊರಳುತ್ತದೆ, ಹಡಗಿನ ಮುಂತುದಿಯೂ ಎಡಕ್ಕೆ ತಿರುಗುತ್ತದೆ. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಆದೇಶ ಕೊಡುತ್ತಿದ್ದುದು ಕೋಲಿಗೆ, ಹಡಗಿಗಲ್ಲ. ‘ಸ್ಟಾರ್‌ಬೋರ್ಡ್’ ಎಂದು ಕೂಗಿದರೆ ಹಡಗು ಪೋರ್ಟ್ ಕಡೆ ತಿರುಗಬೇಕು! ಟಿಲ್ಲರ್ ಹೋಗಿ ಚಕ್ರ ಬಂದ ಮೇಲೂ, ಚಕ್ರ ಹಡಗಿನ ದಿಕ್ಕಿಗೇ ತಿರುಗುತ್ತಿದ್ದರೂ, ಆದೇಶದ ಮಾತು ಹಳೆಯದೇ ಉಳಿದಿತ್ತು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನಲ್ಲಿ ಕೊಟ್ಟ ಆದೇಶ ‘ಹಾರ್ಡ್ ಎ ಸ್ಟಾರ್‌ಬೋರ್ಡ್’. ಹಡಗು ತಿರುಗಿದ್ದು ಎಡಕ್ಕೆ, ಹಿಮಗಡ್ಡೆ ಉಜ್ಜಿದ್ದು ಬಲ ಮಗ್ಗುಲನ್ನು. ಓದುಗರಲ್ಲಿ ಎಷ್ಟೋ ಜನ ಇದನ್ನು ಗಾಬರಿಯ ತಪ್ಪು ಆದೇಶ ಎಂದುಕೊಳ್ಳುವುದು ನಿಘಂಟಿನ ಇಂದಿನ ಅರ್ಥವನ್ನು ಅಂದಿಗೆ ಹಚ್ಚಿ ಓದುವುದರಿಂದ. ಆದೇಶ ಆ ಕಾಲಕ್ಕೆ ಸರಿಯಾಗಿಯೇ ಇತ್ತು.

1929ರ ಕಡಲ ಸುರಕ್ಷತಾ ಒಪ್ಪಂದ ಇದನ್ನು ಬದಲಿಸಿತು: ಹಡಗು ಮುಂದೆ ಸಾಗುವಾಗ ಸ್ಟಾರ್‌ಬೋರ್ಡ್ ಎಂಬ ಆದೇಶ ಕೊಟ್ಟರೆ ಚಕ್ರ, ಚುಕ್ಕಾಣಿಯ ಹಲಗೆ, ಹಡಗಿನ ತಲೆ ಮೂರೂ ಬಲಕ್ಕೇ ಹೋಗಬೇಕು. ಬ್ರಿಟನ್ನಿನಲ್ಲಿ ಇದು ಜಾರಿಗೆ ಬಂದದ್ದು 1933ರ ಜನವರಿ 1ರಂದು, ಅಮೆರಿಕದಲ್ಲಿ 1935ರಲ್ಲಿ. ಹೀಗಾಗಿ 1811 ಅಥವಾ 1882ರ ಲಸ್ಕರಿ ನಿಘಂಟಿನಲ್ಲಿ ಮಗ್ಗುಲಿನ ಹೆಸರುಗಳನ್ನು ನಂಬಿ, ಚುಕ್ಕಾಣಿಯ ಆದೇಶಗಳನ್ನು ಮಾತ್ರ ಹಳೆಯ ಕಾಲದ ಕತೆ ಅನುವಾದಿಸಲು ಇಟ್ಟುಕೊಳ್ಳಿ. ಐತಿಹಾಸಿಕ ಬರಹದಲ್ಲಿ ಆದೇಶ ಬಂದಾಗ ಪದವನ್ನು ಹಾಗೆಯೇ ಉಳಿಸಿ, ಹಡಗು ಯಾವ ಕಡೆ ತಿರುಗಿತು ಎಂಬುದನ್ನು ಮುಂದಿನ ವಾಕ್ಯದಲ್ಲಿ ಬಿಡಿಸಿ ಬರೆಯುವುದು ಕ್ಷೇಮ. ಇನ್ನೊಂದು ಸಣ್ಣ ತೊಡಕು: ಬ್ರಿಟಿಷ್ ನೌಕಾಪಡೆ ‘ಪೋರ್ಟ್’ ಎಂಬುದನ್ನು ಕಡ್ಡಾಯ ಮಾಡಿದ್ದು 1844ರಲ್ಲಿ, ಅದಕ್ಕೆ ಮೊದಲು ‘ಲಾರ್‌ಬೋರ್ಡ್’. ಗಾಳಿ ಗದ್ದಲದಲ್ಲಿ ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್ ಎರಡೂ ಒಂದೇ ಥರ ಕೇಳಿಸುತ್ತಿದ್ದವು. 1811ರ ಪುಸ್ತಕದಲ್ಲಿ ಎಡ ಮಗ್ಗುಲನ್ನು ಹುಡುಕುವವರು ಎಲ್ ಅಕ್ಷರದಡಿಯೂ ನೋಡಬೇಕು.

ಐಎಂಒ ಪ್ರಮಾಣಿತ ನುಡಿಗಟ್ಟುಗಳು

ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರ ನವೆಂಬರ್‌ನಲ್ಲಿ ಅಂಗೀಕರಿಸಿದ ಪ್ರಮಾಣಿತ ಕಡಲ ಸಂವಹನ ನುಡಿಗಟ್ಟುಗಳ ಸಂಗ್ರಹ ಇದು. ಹಿಂದಿ ಇದರಲ್ಲಿ ಒಂದಕ್ಷರವೂ ಇಲ್ಲ. ಆದರೂ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಕಾರಣ ಸರಳ: ಡೆಕ್ ರೇಟಿಂಗ್‌ಗೆ ಬೇಕಾದ ಅಂತರರಾಷ್ಟ್ರೀಯ ಅರ್ಹತೆಯಲ್ಲೇ ಚುಕ್ಕಾಣಿಯ ಆದೇಶವನ್ನು ಇಂಗ್ಲಿಷಿನಲ್ಲಿ ಪಾಲಿಸಬಲ್ಲವನಾಗಿರಬೇಕು ಎಂದಿದೆ. ಹಿಂದಿ ಅರ್ಥ ತಲೆಗೆ ಹೋಗಲು ಬೇಕು, ಬಾಯಿಗೆ ಬರಬೇಕಾದದ್ದು ಇಂಗ್ಲಿಷ್ ಪದವೇ.

ಇಲ್ಲಿ ಆದೇಶಗಳು ಎಣಿಸಿ ಇಟ್ಟಂತಿವೆ. ‘ಸ್ಟಾರ್‌ಬೋರ್ಡ್ ಟೆನ್’ ಎಂದರೆ ಚುಕ್ಕಾಣಿಯನ್ನು ಬಲಕ್ಕೆ 10 ಡಿಗ್ರಿಯಲ್ಲಿ ಹಿಡಿ. 5, 10, 15, 20, 25 ಹೀಗೆ ಏರಿ ಕೊನೆಗೆ ‘ಹಾರ್ಡ್ ಎ ಸ್ಟಾರ್‌ಬೋರ್ಡ್’, ಚುಕ್ಕಾಣಿ ಪೂರ್ತಿ ಬಲಕ್ಕೆ. ‘ಮಿಡ್‌ಶಿಪ್ಸ್’ ಎಂದರೆ ನಡುವಿಗೆ ತಾ. ‘ಈಸ್ ಟು ಫೈವ್’ ಎಂದರೆ ಇರುವ ಕೋನವನ್ನು 5ಕ್ಕೆ ಇಳಿಸು, ಆಮೇಲೆ ಹಾಗೇ ಹಿಡಿ. ‘ನಥಿಂಗ್ ಟು ಸ್ಟಾರ್‌ಬೋರ್ಡ್’ ಎಂದರೆ ಹಡಗಿನ ತಲೆ ಬಲಕ್ಕೆ ಹೋಗಲು ಬಿಡಬೇಡ. ಇದನ್ನು ಪದಶಃ ಹಿಂದಿಗೆ ತಂದರೆ ‘ಬಲಗಡೆ ಏನೂ ಇಲ್ಲ’ ಎಂಬ ವೀಕ್ಷಕನ ವರದಿಯಾಗಿಬಿಡುತ್ತದೆ, ಆದೇಶ ಹೋಗಿ ಸಮಾಚಾರ ಉಳಿಯುತ್ತದೆ. ಒಳ್ಳೆಯ ಹಿಂದಿ ನಿಘಂಟು ಹೇಗಿರಬೇಕೆಂದು ತಿಳಿಯಲು ಈ ಒಂದು ಆದೇಶ ಸಾಕು. ಪ್ರತಿ ಆದೇಶವನ್ನೂ ಚುಕ್ಕಾಣಿಯವನು ಅಕ್ಷರಶಃ ಮತ್ತೆ ಹೇಳಬೇಕು. ದಿಕ್ಸೂಚಿಯ ಅಂಕಿಗಳನ್ನು ಒಂದೊಂದಾಗಿ, ಸೊನ್ನೆಯನ್ನೂ ಬಿಡದೆ ಹೇಳಬೇಕು: 082 ಎಂದರೆ ‘ಝೀರೋ ಏಟ್ ಟೂ’.

ಪುಸ್ತಕ ರೂಪದ್ದಕ್ಕೆ ದುಡ್ಡು ಕೊಡಬೇಕು. ನಿರ್ಣಯದ ಪಠ್ಯ ಪುಕ್ಕಟೆ ಸಿಗುತ್ತದೆ, ಕಲಿಯಲು ಅಷ್ಟೇ ಸಾಕು. ಎಲ್ಲವನ್ನೂ ಮುದ್ರಿಸಿಕೊಳ್ಳಬೇಕಿಲ್ಲ. ಚುಕ್ಕಾಣಿಯ ಆದೇಶಗಳ ಭಾಗ ಕೆಲವೇ ಪುಟ. ಅದರ ಬಲಗಡೆ ಖಾಲಿ ಅಂಚಿನಲ್ಲಿ ಕನ್ನಡದಲ್ಲಿ ಏನು ಮಾಡಬೇಕೆಂದು ಬರೆದುಕೊಂಡರೆ ನಿಘಂಟು ತಾನಾಗಿಯೇ ತಯಾರಾಯಿತು.

ಇದು ಕೈಕೊಡುವುದು ತೇಲುಗುರುತುಗಳ ವಿಷಯದಲ್ಲಿ. ‘ಸ್ಟಾರ್‌ಬೋರ್ಡ್ ಹ್ಯಾಂಡ್ ಬಾಯ್’ ಎಂಬ ಮಾತಿಗೆ ‘ದಾಯೇಂ ಹಾಥ್ ಕಾ ಬೋಯಾ’ ಎಂದು ಬರೆದು ಮುಗಿಸುವವರಿದ್ದಾರೆ. ಯಾವಾಗ ಬಲಕ್ಕೆ? ಸಮುದ್ರದಿಂದ ಬಂದರಿನೊಳಕ್ಕೆ ಬರುವಾಗ ಮಾತ್ರ. ಹೊರಗೆ ಹೋಗುವಾಗ ಅದೇ ಗುರುತು ಎಡಕ್ಕೆ ಬರುತ್ತದೆ, ಹೆಸರು ಬದಲಾಗುವುದಿಲ್ಲ. ತೇಲುಗುರುತಿನ ಬಣ್ಣದ ಮಟ್ಟಿಗೆ ಜಗತ್ತು ಎ, ಬಿ ಎಂದು ಎರಡು ವಲಯ. ಭಾರತ ಸೇರಿರುವ ಎ ವಲಯದಲ್ಲಿ ಇದು ಹಸಿರು ಬಣ್ಣದ, ಶಂಕುವಿನಾಕಾರದ ಗುರುತು. ಎಡದ್ದು ಕೆಂಪು, ಡಬ್ಬಿಯಾಕಾರದ್ದು. ಅಮೆರಿಕ, ಜಪಾನ್, ಫಿಲಿಪ್ಪೀನ್ಸ್ ಸೇರಿರುವ ಬಿ ವಲಯದಲ್ಲಿ ಬಣ್ಣ ಅದಲುಬದಲು. ಹಡಗಿನ ಮೇಲಿನ ದೀಪಗಳ ಬಣ್ಣ ಮಾತ್ರ ಜಗತ್ತಿನಲ್ಲೆಲ್ಲ ಒಂದೇ: ಸ್ಟಾರ್‌ಬೋರ್ಡ್ ಹಸಿರು, ಪೋರ್ಟ್ ಕೆಂಪು. ಪ್ರತಿಯೊಂದೂ ನೇರ ಮುಂದಿನಿಂದ ತನ್ನ ಮಗ್ಗುಲಿಗೆ 112.5 ಡಿಗ್ರಿಯವರೆಗೆ ಕಾಣಬೇಕು.

ನದಿಯ ಬಲದಂಡೆ ಎಡದಂಡೆಯ ಲೆಕ್ಕ ಇದಕ್ಕೆ ಸೇರಿಕೊಂಡರೆ ಗೊಂದಲ ಇನ್ನೂ ಹೆಚ್ಚು. ನೀರಾವರಿಯವರು, ಭೂಗೋಳದವರು ದಂಡೆಯನ್ನು ಹೇಳುವುದು ನೀರು ಹರಿಯುವ ಕಡೆ ಮುಖ ಮಾಡಿ. ಮಂಗಳೂರಿನ ಅಳಿವೆಬಾಗಿಲಿನಿಂದ ಒಳಬಂದು ಗುರುಪುರ ನದಿಯಲ್ಲಿ ಹಳೇ ಬಂದರಿನತ್ತ ತಿರುಗಿದ ದೋಣಿಗೆ ದಕ್ಕೆ, ಅಂದರೆ ದೋಣಿ ನಿಲ್ಲುವ ಕಟ್ಟೆ, ಇರುವುದು ಸ್ಟಾರ್‌ಬೋರ್ಡಿಗೆ; ಎದುರು ದಡದ ಬೆಂಗ್ರೆ ಇರುವುದು ಪೋರ್ಟ್ ಮಗ್ಗುಲಿಗೆ. ಅದೇ ದಕ್ಕೆಯ ದಂಡೆ ನದಿಯ ಲೆಕ್ಕದಲ್ಲಿ ಎಡದಂಡೆ. ‘ಸ್ಟಾರ್‌ಬೋರ್ಡ್ ಕಡೆಯ ದಡ’ ಎಂಬುದನ್ನು ‘ಬಲದಂಡೆ’ ಎಂದು ಅನುವಾದಿಸಿದರೆ ಅಪಘಾತದ ಸ್ಥಳವೇ ಹೊಳೆಯ ಆಚೆಗೆ ಹೋಗುತ್ತದೆ.

ಕನ್ನಡ ಕಡೆಯಿಂದ: ಕಿಟ್ಟೆಲ್ ಮತ್ತು ಅಲರ್

ಹಿಂದಿಯಿಂದ ಕನ್ನಡಕ್ಕೆ ಇಳಿಸುವವರು ಕೊನೆಯಲ್ಲಿ ಇಲ್ಲಿಗೆ ಬರಬೇಕು. 1894ರ ಕಿಟ್ಟೆಲ್ ನಿಘಂಟು, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳ ‘ಅಲರ್’, ಎರಡೂ ಮೂಲತಃ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ನಿಘಂಟುಗಳು. ಹಾಗಾಗಿ ಸ್ಟಾರ್‌ಬೋರ್ಡಿನಿಂದ ಶುರುಮಾಡಲು ಅಷ್ಟು ಅನುಕೂಲವಲ್ಲ. ಕೈಯಲ್ಲಿರುವ ಕನ್ನಡ ಪದ ಸರಿಯೇ ಎಂದು ತಾಳೆ ನೋಡಲು ಒಳ್ಳೆಯವು. ಅಲರ್ ಫೋನಿನಲ್ಲೇ ಸಲೀಸಾಗಿ ತೆರೆಯುತ್ತದೆ, ದತ್ತಾಂಶವೂ ಮುಕ್ತ.

ಕೆಲವು ಕಡೆ ಹಿಂದಿಯ ದಾರಿಯೇ ಸುತ್ತುಬಳಸು. ‘ಫ್ಯಾದಮ್’ ಎಂದರೆ 6 ಅಡಿ, 1.8288 ಮೀಟರ್, ಚಾಚಿದ ಎರಡು ತೋಳಿನ ಅಗಲದಿಂದ ಬಂದ ಅಳತೆ. ಹಿಂದಿ ಪುಸ್ತಕಗಳು ‘ಫೈದಮ್’ ಎಂದೇ ಬರೆದು ಸುಮ್ಮನಾಗುತ್ತವೆ. ಕನ್ನಡದಲ್ಲಿ ‘ಮಾರು’ ಇದೆ, ಅದೇ ತೋಳಳತೆ. ಮಾಸ್ಟ್‌ಗೆ ‘ಕೂವೆಮರ’ ಇದೆ, ಸೇಲ್‌ಗೆ ‘ಹಾಯಿ’ ಇದೆ. ಆ್ಯಂಕರ್‌ಗೆ ‘ಲಂಗರು’ ಹಿಂದಿಗೂ ಕನ್ನಡಕ್ಕೂ ಪಾರಸಿಯಿಂದಲೇ ಬಂದದ್ದು. ‘ನಾಟ್’ ವೇಗದ ಅಳತೆಯಾಗಿ ಬಂದಾಗ ‘ಗಂಟು’ ಮಾಡಬಾರದು, ‘ಗಂಟೆಗೆ ಇಷ್ಟು ನಾಟ್’ ಎಂದೂ ಬರೆಯಬಾರದು. ನಾಟ್ ಎಂದರೇ ಗಂಟೆಗೆ ಒಂದು ನಾಟಿಕಲ್ ಮೈಲು, 1.852 ಕಿಲೋಮೀಟರ್.

ಸ್ಟಾರ್‌ಬೋರ್ಡಿಗೆ ಮಾತ್ರ ಕನ್ನಡದಲ್ಲಿ ‘ಬಲಮಗ್ಗುಲು’ ಸಾಕೆನ್ನುವವರಿಗೆ ಒಂದು ಷರತ್ತು: ಮೊದಲ ಸಲ ಬಂದಾಗ ‘ಸ್ಟಾರ್‌ಬೋರ್ಡ್, ಅಂದರೆ ಮುಂತುದಿಯತ್ತ ಮುಖ ಮಾಡಿ ನಿಂತಾಗ ಹಡಗಿನ ಬಲಮಗ್ಗುಲು’ ಎಂದು ಬರೆಯಬೇಕು. ಹಿಂದಿಯಲ್ಲೂ ಹಾಗೆಯೇ: ‘ಸ್ಟಾರ್‌ಬೋರ್ಡ್, ಅರ್ಥಾತ್ ಆಗೇ ಕೀ ಓರ್ ಮುಂಹ್ ಕರ್‌ಕೇ ಖಡೇ ಹೋನೇ ಪರ್ ಜಹಾಜ್ ಕಾ ದಾಯಾಂ ಪಾರ್ಶ್ವ’. ಫಲಕದಲ್ಲಿ ಇಷ್ಟುದ್ದ ಹಿಡಿಸದಿದ್ದರೆ ಇಂಗ್ಲಿಷ್ ಪದವನ್ನೇ ಲಿಪ್ಯಂತರ ಮಾಡಿ ಪಕ್ಕದಲ್ಲಿ ಹಸಿರು ಬಣ್ಣ ಬಳಿಸಿ. ಬಣ್ಣಕ್ಕೆ ಅನುವಾದ ಬೇಕಾಗುವುದಿಲ್ಲ.